ತೋಳಿನ ಅಭಿಧಮನಿಯ ಅನ್ಯೂರಿಸಂ: ಗುರುತಿಸುವುದು, ತೆಗೆಯುವುದು

ಮೊಣಕೈ ಹತ್ತಿರ ಮೆತ್ತನೆಯ ಗಂಟು ಕಂಡರೆ ಮೊದಲು ಹೊಳೆಯುವುದು ಲೈಪೋಮಾ, ಅಂದರೆ ಕೊಬ್ಬಿನ ಗಂಟು. ಅಭಿಧಮನಿಯ ಅನ್ಯೂರಿಸಂ (ನಾಳದ ಗೋಡೆ ಚೀಲದಂತೆ ಉಬ್ಬುವುದು) ಬಹಳ ವಿರಳ, ಆದ್ದರಿಂದಲೇ ತಪ್ಪಿಹೋಗುತ್ತದೆ. ಸೂಜಿ ಚುಚ್ಚುವ ಮುನ್ನ ರೋಗಿಯ ಕೈಯನ್ನು ತಲೆಗಿಂತ ಮೇಲೆ ಎತ್ತಿಸಿ. ಗಂಟು ಇಳಿದುಹೋಗಿ, ಕೈ ಜೋತುಬಿಟ್ಟಾಗ ಮತ್ತೆ ತುಂಬಿಕೊಂಡರೆ ಅದರ ನಂಟು ಅಭಿಧಮನಿಯೊಂದಿಗೆ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಈ ಪರೀಕ್ಷೆ ಕೈಕೊಡುತ್ತದೆ: ಗಂಟು ಗಟ್ಟಿಯಾಗಿ ನೋಯುತ್ತದೆ, ಕುಗ್ಗುವುದಿಲ್ಲ. ಮಿಡಿತವೋ ಥ್ರಿಲ್ಲೋ (ಬೆರಳಿಗೆ ತಾಗುವ ಕಂಪನ) ಸಿಕ್ಕರೆ ಅಪಧಮನಿಯ ಜೊತೆ ಫಿಸ್ಟುಲಾ, ಅಂದರೆ ನೇರ ಜೋಡಣೆ, ಇದೆಯೇ ಎಂದು ಹುಡುಕಿ. ಡಯಾಲಿಸಿಸ್ ಫಿಸ್ಟುಲಾದಿಂದ ಉಬ್ಬಿದ ಅಭಿಧಮನಿ ಈ ಟಿಪ್ಪಣಿಯ ವಿಷಯವಲ್ಲ.

ಮೊದಲ ತನಿಖೆ ಡ್ಯೂಪ್ಲೆಕ್ಸ್ ಸ್ಕ್ಯಾನ್, ಅಂದರೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಅಲ್ಟ್ರಾಸೌಂಡ್. ಹೆಚ್ಚಿನ ತಪ್ಪು ನಡೆಯುವುದೂ ಇಲ್ಲೇ. ಪ್ರೋಬ್ ಒತ್ತಿ ಹಿಡಿದರೆ ಚೀಲವೇ ಮುಚ್ಚಿಹೋಗುತ್ತದೆ. ಜೆಲ್ ಧಾರಾಳವಾಗಿ ಹಾಕಿ, ಹಗುರವಾಗಿ ಇಡಿ. ಹರಿವು ನಿಧಾನವಾದ್ದರಿಂದ ವೇಗದ ಸ್ಕೇಲ್ ಮತ್ತು ವಾಲ್ ಫಿಲ್ಟರ್ (ನಿಧಾನ ಚಲನೆಯ ಸಂಕೇತ ಅಳಿಸುವ ಸೆಟ್ಟಿಂಗ್) ಎರಡನ್ನೂ ತಗ್ಗಿಸಬೇಕು. ಇಲ್ಲದಿದ್ದರೆ ಬಣ್ಣ ಮೂಡದೆ, ಸಿಸ್ಟ್ (ದ್ರವ ತುಂಬಿದ ಗುಳ್ಳೆ) ಎಂದು ವರದಿ ಬರೆದುಬಿಡುತ್ತೇವೆ. ಚೀಲ ಯಾವ ಅಭಿಧಮನಿಗೆ ಸೇರುತ್ತದೆ, ಒಳಗೆ ಹೆಪ್ಪು ಇದೆಯೇ ಎಂಬುದು ವರದಿಯಲ್ಲಿ ಇರಲೇಬೇಕು. ಕಂಕುಳಿನಂಥ ಆಳದ ಜಾಗಕ್ಕೆ ಎಂಆರ್ ವೀನೋಗ್ರಫಿ (ಎಂಆರ್‌ಐನಿಂದ ಅಭಿಧಮನಿಗಳ ಚಿತ್ರ) ನೆರವಾಗುತ್ತದೆ.

ಮೇಲ್ಪದರದ, ನೋವಿಲ್ಲದ ಸಣ್ಣ ಉಬ್ಬನ್ನು ಗಮನಿಸುತ್ತಾ ಇರಬಹುದು. ನೋವು, ಹೆಪ್ಪು, ಬೆಳವಣಿಗೆ ಅಥವಾ ನೋಟದ ಚಿಂತೆ ಇದ್ದರೆ ಶಸ್ತ್ರಚಿಕಿತ್ಸೆ. ಕೈ ಜೋತುಬಿಟ್ಟ ಸ್ಥಿತಿಯಲ್ಲೇ, ಮಾರ್ಕರ್‌ನಿಂದ ಗಡಿ ಬರೆದುಕೊಳ್ಳಿ. ಟೇಬಲ್ ಮೇಲೆ ಮಲಗಿಸಿ ಕೈ ಎತ್ತಿದರೆ ಗಂಟೇ ಕಾಣದು! ಮೊದಲು ಹೃದಯದ ಕಡೆಯ ತುದಿಯನ್ನು ಹಿಡಿತಕ್ಕೆ ತನ್ನಿ, ಆಮೇಲೆ ಚೀಲ ಮುಟ್ಟಿ. ಒಳಗಿನ ಹೆಪ್ಪು ಕಳಚಿಕೊಂಡರೆ ಅದು ಹೋಗುವುದು ಶ್ವಾಸಕೋಶಕ್ಕೆ. ನಂತರ ಬೆರಳಿನ ಕಡೆಯ ತುದಿಯನ್ನೂ ಕವಲುಗಳನ್ನೂ ಕಟ್ಟಿ, ಚೀಲವನ್ನು ಇಡಿಯಾಗಿ ಬಿಡಿಸಿ. ತೋಳಿನ ಮೇಲ್ಪದರದ ಅಭಿಧಮನಿಗಳಾದ ಸೆಫಾಲಿಕ್ (ಹೊರಬದಿ), ಬೆಸಿಲಿಕ್ (ಒಳಬದಿ) ಎರಡನ್ನೂ ಹೀಗೆ ಕಟ್ಟಬಹುದು, ಆಳದ ಅಭಿಧಮನಿಗಳು ರಕ್ತ ಸಾಗಿಸುತ್ತವೆ. ಹಾಗಾಗಿ ಅವು ತೆರೆದಿವೆ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.

ನಿಜವಾದ ಅಪಾಯ ನರಗಳಿಗೆ. ಬೆಸಿಲಿಕ್ ಪಕ್ಕದಲ್ಲೇ ಮುಂಗೈಯ ಒಳಬದಿಯ ಚರ್ಮದ ನರ, ಮೊಣಕೈಯಲ್ಲಿ ಸೆಫಾಲಿಕ್ ಹತ್ತಿರ ಹೊರಬದಿಯದು, ಮಣಿಕಟ್ಟಿನಲ್ಲಿ ರೇಡಿಯಲ್ ನರದ ಮೇಲ್ಕವಲು. ಡಯಾಥರ್ಮಿಯ (ವಿದ್ಯುತ್ತಿನಿಂದ ಸುಟ್ಟು ರಕ್ತ ನಿಲ್ಲಿಸುವ ಉಪಕರಣದ) ಬಿಸಿ ತಾಗಿದರೂ ಮರಗಟ್ಟುವಿಕೆ ಉಳಿದೀತು.

ಕಂಕುಳಿನ ಮುಖ್ಯ ಅಭಿಧಮನಿಯನ್ನು ಮಾತ್ರ ಸುಮ್ಮನೆ ಕಟ್ಟಬೇಡಿ, ಕೈ ಊದಿಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಉಬ್ಬಿದ ಭಾಗವನ್ನಷ್ಟೇ ಕತ್ತರಿಸಿ, 5-0 ಅಥವಾ 6-0 ಅಳತೆಯ ತೆಳು ಪಾಲಿಪ್ರೊಪಿಲೀನ್ ದಾರದಿಂದ ಗೋಡೆ ಹೊಲಿಯುತ್ತಾರೆ. ಅತಿಯಾಗಿ ಕತ್ತರಿಸಿದರೆ ನಾಳ ಕಿರಿದಾಗಿ ಅಲ್ಲೇ ಹೆಪ್ಪುಗಟ್ಟುತ್ತದೆ. ಗೋಡೆ ಪೂರ್ತಿ ಹಾಳಾಗಿದ್ದರೆ ಅಭಿಧಮನಿಯ ಗ್ರಾಫ್ಟ್ (ಬೇರೆಡೆಯ ಅಭಿಧಮನಿಯ ತುಂಡಿನ ಕಸಿ) ಬೇಕು.

ತೆಗೆದ ಚೀಲವನ್ನು ಹಿಸ್ಟೊಪೆಥಾಲಜಿಗೆ (ಸೂಕ್ಷ್ಮದರ್ಶಕದಲ್ಲಿ ಅಂಗಾಂಶ ಪರೀಕ್ಷೆಗೆ) ಕಳುಹಿಸಿ: ಮೂರೂ ಪದರಗಳಿದ್ದು, ಸ್ಥಿತಿಸ್ಥಾಪಕ ಎಳೆಗಳು ಮತ್ತು ನಯ ಸ್ನಾಯು ಕಡಿಮೆಯಾಗಿದ್ದರೆ ಅದು ನಿಜವಾದ ಅನ್ಯೂರಿಸಂ.