ಅಪರೂಪದ ಹೂವನ್ನು ನರ್ಸರಿಯಲ್ಲಿ ಬೆಳೆಸಿ ಉಳಿಸಬಹುದಲ್ವಾ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಆಂಟಿಯಾಕ್‌ನಲ್ಲಿ ಸಾಸಿವೆ ಕುಟುಂಬದ ಹೂಗಿಡವೊಂದಕ್ಕಾಗಿ ನದಿದಂಡೆಯ ಜಾಗವನ್ನೇ ಬೇಲಿ ಹಾಕಿ ಕಾಯುತ್ತಾರಂತೆ. ಯಾಕೆ? ಬೀಜ ತಂದು ನರ್ಸರಿಯಲ್ಲಿ ಬೆಳೆಸಿದರೆ ಸಾಲದೇ?

ಉತ್ತರ: ನರ್ಸರಿಯಲ್ಲಿ ಬೆಳೆಸಬಹುದು, ಬೆಳೆಸಿಯೂ ಇದ್ದಾರೆ. ಆದರೆ ಆ ಸಸಿಗಳನ್ನು ಕೊನೆಗೆ ನೆಡುವುದೆಲ್ಲಿ? ಅದಕ್ಕೆ ಬೇಕಾದ ಮರಳೇ ಕಡಿಮೆಯಾಗಿದೆ.

ಹೂವಿನ ಹೆಸರು ಕಾಂಟ್ರಾ ಕೋಸ್ಟಾ ವಾಲ್‌ಫ್ಲವರ್. ಬಣ್ಣ ಹಳದಿ, ಕೆಲವೊಮ್ಮೆ ಕಿತ್ತಳೆಗೆ ತಿರುಗಿದ ಹಳದಿ. ಹತ್ತಿರ ಹೋಗಿ ನೋಡಿದರೆ ಸಾಸಿವೆಯ ಬಳಗ ಅಂತ ತಕ್ಷಣ ಗೊತ್ತಾಗುತ್ತದೆ. ಎದುರುಬದುರಾಗಿ ನಾಲ್ಕೇ ಎಸಳು. ಒಳಗೆ ಆರು ಕೇಸರ, ನಾಲ್ಕು ಉದ್ದ, ಎರಡು ಗಿಡ್ಡ. ಹೂವು ಉದುರಿದ ಮೇಲೆ ಉದ್ದನೆಯ ತೆಳ್ಳನೆ ಕಾಯಿ. ನಮ್ಮ ಹೊಲದಲ್ಲಿ ಮೂಲಂಗಿ ಹೂಬಿಟ್ಟಾಗ ನೋಡಿ, ಎಸಳು, ಕೇಸರ ಎರಡೂ ಇದೇ ಲೆಕ್ಕ.

ಸಾಮಾನ್ಯವಾಗಿ ಮೊದಲ ವರ್ಷ ನೆಲಕ್ಕೆ ಅಂಟಿದಂತೆ ಎಲೆಗಳಷ್ಟೇ ಇರುತ್ತವೆ. ಆಮೇಲೆ ದಂಟು ಎದ್ದು, ಹೂಬಿಟ್ಟು, ಬೀಜ ಉದುರಿಸಿ ಗಿಡ ಸತ್ತುಹೋಗುತ್ತದೆ. ಹಾಗಾಗಿ ಹಳೇ ಗಿಡ ಕಾದುಕೊಂಡರೆ ಆಗಲಿಲ್ಲ, ಹೊಸ ಬೀಜ ಮೊಳೆಯುತ್ತಲೇ ಇರಬೇಕು. ಅದಕ್ಕೆ ಕಳೆಯಿಲ್ಲದ, ಸಡಿಲವಾದ ಬರೀ ಮರಳು ಬೇಕು.

ಸ್ಯಾನ್ ವಾಕೀನ್ ನದಿಯ ದಂಡೆಯಲ್ಲಿ ಹಿಂದೆ ನೂರಡಿಗೂ ಎತ್ತರದ ಮರಳುದಿಬ್ಬಗಳಿದ್ದವು. ಇಟ್ಟಿಗೆ ಮಾಡಲು ಅವನ್ನು ಅಗೆದರು. 1906ರ ಭೂಕಂಪದ ನಂತರ ಸ್ಯಾನ್ ಫ್ರಾನ್ಸಿಸ್ಕೊ ಮತ್ತೆ ಎದ್ದು ನಿಲ್ಲಬೇಕಿತ್ತು, ಅಗೆತ ಇನ್ನೂ ಜಾಸ್ತಿಯಾಯಿತು. ಮರಳುಗಣಿಗಾರಿಕೆ ಏನು ಮಾಡುತ್ತದೆ ಅಂತ ನಮ್ಮ ನದಿಗಳನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದ ಚೂರುಪಾರು ಜಾಗಕ್ಕೆ ಹೊರಗಿನ ಹುಲ್ಲು, ಮುಳ್ಳುಕಳೆ ನುಗ್ಗಿದವು. ಬೀಜ ಬಿದ್ದರೂ ಮರಳು ಸಿಗದು.

1978ರಲ್ಲಿ ಈ ಗಿಡ ಅಮೆರಿಕದ ಅಳಿವಿನಂಚಿನ ಪಟ್ಟಿಗೆ ಸೇರಿತು. 1980ರಲ್ಲಿ ಆಂಟಿಯಾಕ್ ಡ್ಯೂನ್ಸ್, ಅಂದರೆ ಅಳಿದುಳಿದ ಈ ಮರಳುದಿಬ್ಬಗಳ ಜಾಗ, ರಕ್ಷಿತ ಪ್ರದೇಶವಾಯಿತು. ಅಲ್ಲಿ ಕಾಯುವುದು ಇದೊಂದನ್ನೇ ಅಲ್ಲ. ಆಂಟಿಯಾಕ್ ಡ್ಯೂನ್ಸ್ ಈವ್ನಿಂಗ್ ಪ್ರಿಮ್‌ರೋಸ್ ಅನ್ನುವ ಇನ್ನೊಂದು ಹೂಗಿಡ, ಲ್ಯಾಂಗೀಸ್ ಮೆಟಲ್‌ಮಾರ್ಕ್ ಚಿಟ್ಟೆ, ಇವಕ್ಕೂ ಅದೇ ಮರಳು ಆಸರೆ. ಕುಂಡದಲ್ಲಿ ಒಂದು ಗಿಡ ಬದುಕಬಹುದು, ಈ ಸಂಸಾರವೆಲ್ಲ ಬದುಕದು.

ನನಗೆ ತುಂಬ ಹಿಡಿಸಿದ ಕೆಲಸವೆಂದರೆ 2013ರಲ್ಲಿ ಶುರುವಾದದ್ದು. ಹಡಗು ಓಡಾಡಲು ನದಿಯ ತಳದಿಂದ ಹೂಳೆತ್ತುತ್ತಾರಲ್ಲ, ಆ ಮರಳನ್ನು ತಂದು ಕಳೆಯ ಮೇಲೆ ದಪ್ಪಗೆ ಸುರಿದರು. ನರ್ಸರಿಯ ಸಸಿ ಉಪಯೋಗಕ್ಕೆ ಬರುವುದು ಇಂಥ ಕಡೆ.

ಬೇ ಏರಿಯಾದ ಕನ್ನಡಿಗರಿಗೆ ಒಂದು ಮಾತು. ಇಲ್ಲಿ ಸುಮ್ನೆ ಒಳಗೆ ಹೋಗುವಂತಿಲ್ಲ, ಬೀಜ ಕೀಳುವುದಂತೂ ಅಪರಾಧ. ನೋಡುವ ಆಸೆಯಿದ್ದರೆ ರಕ್ಷಿತ ಪ್ರದೇಶದ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಹೂವಿನ ಕಾಲ ಮಾರ್ಚ್‌ನಿಂದ ಶುರು.