ಜೀವಕೋಶದ ವಯಸ್ಸು ಇಳಿಸುವುದು: ಎಲ್ಲಿ ನಿಲ್ಲಿಸಬೇಕು?

ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳಲ್ಲಿ ಕಾಳುಮೆಣಸಿನ ಸಸಿ ಮಾಡುವವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿಯಿಂದ ಈ ಪಾಠವನ್ನು ಆರಂಭಿಸುವುದು ಸುಲಭ. ಬುಡದಲ್ಲಿ ನೆಲದ ಮೇಲೆ ಹರಿಯುವ ಹಬ್ಬುಬಳ್ಳಿಯ ತುಂಡು ನೆಟ್ಟರೆ ಅದು ಮರ ಹತ್ತುತ್ತದೆ. ಅದೇ ಬಳ್ಳಿಯಲ್ಲಿ ಕಾಳು ಬಿಡುವ ಅಡ್ಡರೆಂಬೆಯನ್ನು ಕತ್ತರಿಸಿ ಬೇರು ಬರಿಸಿದರೆ ಅದು ಹತ್ತುವುದಿಲ್ಲ, ಕುಂಡದಲ್ಲೇ ಪೊದೆಯಾಗಿ ಕಾಯಿ ಕಟ್ಟುತ್ತದೆ. ಎರಡರ ಡಿಎನ್‌ಎ ಒಂದೇ, ತಾನು ಯಾರು ಎಂಬ ನೆನಪು ಬೇರೆ.

ನಮ್ಮ ಚರ್ಮದ ಕೋಶಕ್ಕೂ ನರಕೋಶಕ್ಕೂ ಇರುವ ವ್ಯತ್ಯಾಸ ಇಂಥದ್ದೇ. ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಡಿಎನ್‌ಎಗೆ ಅಂಟಿಕೊಂಡ ಮೀಥೈಲ್ ಗುಂಪುಗಳಂಥ ರಾಸಾಯನಿಕ ಗುರುತುಗಳು ನಿರ್ದೇಶಿಸುತ್ತವೆ. ವಯಸ್ಸಾದಂತೆ ಈ ಗುರುತುಗಳು ಬದಲಾಗುತ್ತವೆ. 2013ರಲ್ಲಿ ವಿಜ್ಞಾನಿ ಸ್ಟೀವ್ ಹೋರ್ವಾತ್ ಅಂಥ 353 ತಾಣಗಳನ್ನು ಓದಿ ಅಂಗಾಂಶದ ವಯಸ್ಸನ್ನು ಅಂದಾಜಿಸುವ ವಿಧಾನವನ್ನು ಪ್ರಕಟಿಸಿದರು.

ಅದಕ್ಕೂ ಮೊದಲೇ, 2006ರಲ್ಲಿ, ಜಪಾನಿನ ಶಿನ್ಯಾ ಯಮನಾಕಾ ಮತ್ತು ಕಜುತೋಶಿ ತಕಾಹಾಶಿ ಅವರು ಆಕ್ಟ್4, ಸಾಕ್ಸ್2, ಕೆಎಲ್ಎಫ್4, ಸಿ-ಮಿಕ್ ಎಂಬ ನಾಲ್ಕು ವಂಶವಾಹಿಗಳನ್ನು ಸೇರಿಸಿ ಇಲಿಯ ಚರ್ಮದ ಕೋಶವನ್ನು ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಭ್ರೂಣದ ಆಕರಕೋಶದಂಥ ಸ್ಥಿತಿಗೆ ಹಿಂದಿರುಗಿಸಿದ್ದರು. 2012ರಲ್ಲಿ ಜಾನ್ ಗರ್ಡನ್ ಅವರೊಂದಿಗೆ ಯಮನಾಕಾ ಅವರಿಗೆ ನೊಬೆಲ್ ಬಂತು.

ನನ್ನ ಪ್ರಕಾರ ನಾವು ಹೆಚ್ಚು ಹೊತ್ತು ನಿಂತು ಯೋಚಿಸಬೇಕಾದದ್ದು ಇಲ್ಲಿ. ಈ ಪ್ರಕ್ರಿಯೆ ಕೊನೆಯವರೆಗೂ ನಡೆದರೆ ಕೋಶದ ವಯಸ್ಸಿನ ಜೊತೆಗೆ ತಾನು ಯಾರು ಎಂಬ ಅದರ ನೆನಪೂ ಅಳಿಸಿಹೋಗುತ್ತದೆ. ಜೀವಂತ ಇಲಿಯ ದೇಹದಲ್ಲಿ ಹೀಗಾದಾಗ ಟೆರಟೋಮಾ ಎಂಬ ಗೆಡ್ಡೆಗಳು ಬೆಳೆದುದನ್ನು 2013ರಲ್ಲಿ ಸ್ಪೇನಿನ ಸಂಶೋಧಕರು ತೋರಿಸಿದರು. ಹಾಗಾಗಿ ಅರ್ಧದಲ್ಲೇ ನಿಲ್ಲಿಸುವ ಉಪಾಯ ಬೇಕಾಯಿತು. 2016ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ಇಜ್ಪಿಸುವಾ ಬೆಲ್ಮಾಂಟೆ ತಂಡ, ಅಕಾಲ ಮುಪ್ಪಿನ ಇಲಿಗಳಲ್ಲಿ ಡಾಕ್ಸಿಸೈಕ್ಲಿನ್ ಎಂಬ ಔಷಧದ ಮೂಲಕ ಈ ವಂಶವಾಹಿಗಳನ್ನು ಎರಡು ದಿನ ಚಾಲೂ ಮಾಡಿ ಐದು ದಿನ ಬಿಡುವು ಕೊಡುತ್ತ ಹೋಯಿತು. ಗೆಡ್ಡೆಗಳಾಗದೆ ಅವುಗಳ ಆಯುಸ್ಸು ಸುಮಾರು ಶೇ. 30ರಷ್ಟು ಹೆಚ್ಚಿತು. 2020ರಲ್ಲಿ ಹಾರ್ವರ್ಡ್‌ನ ಡೇವಿಡ್ ಸಿಂಕ್ಲೇರ್ ತಂಡ, ಕ್ಯಾನ್ಸರಿಗೆ ನಂಟಿರುವ ಸಿ-ಮಿಕ್ ಬಿಟ್ಟು ಉಳಿದ ಮೂರನ್ನೇ ಬಳಸಿ, ಇಲಿಗಳ ಜಜ್ಜಿದ ದೃಷ್ಟಿನರದ ತಂತುಗಳು ಮತ್ತೆ ಬೆಳೆಯುವಂತೆ ಮಾಡಿತು.

ಪರೀಕ್ಷೆಗೆ ಓದುವವರು 2022ರ, ಬ್ರಿಟನ್ನಿನ ಬಾಬ್ರಹಾಂ ಸಂಸ್ಥೆಯ ಪ್ರಯೋಗವನ್ನು ಬಿಡಬಾರದು. ಮಧ್ಯವಯಸ್ಕರ ಚರ್ಮದ ಕೋಶಗಳನ್ನು 13 ದಿನ ಮಾತ್ರ ಈ ಪ್ರಕ್ರಿಯೆಗೆ ಒಡ್ಡಿದಾಗ ಮೀಥೈಲ್ ಗುರುತುಗಳ ಲೆಕ್ಕದಲ್ಲಿ ವಯಸ್ಸು ಸುಮಾರು 30 ವರ್ಷ ಇಳಿಯಿತು, ಚರ್ಮಕ್ಕೆ ಬಿಗಿ ಕೊಡುವ ಕೊಲ್ಲಾಜೆನ್ ಎಂಬ ಪ್ರೋಟೀನಿನ ತಯಾರಿಕೆಯೂ ಹೆಚ್ಚಿತು. ನಡುವೆ ತಾತ್ಕಾಲಿಕವಾಗಿ ಚರ್ಮದ ಕೋಶದ ಲಕ್ಷಣ ಕಳೆದುಕೊಂಡಿದ್ದ ಅವು, ಪ್ರಚೋದನೆ ನಿಂತ ಮೇಲೆ ಮತ್ತೆ ಚರ್ಮದ ಕೋಶಗಳೇ ಆದವು. ಅಡ್ಡರೆಂಬೆ ಎಳೆಯದಾಯಿತು, ಆದರೆ ಹಬ್ಬುಬಳ್ಳಿಯಾಗಲಿಲ್ಲ.