ಪಾಠ ಇಷ್ಟ, ಸ್ಟಾಫ್‌ರೂಮ್ ಕಷ್ಟ: ಕೆಲಸ ಬಿಡಲಾ?

ಪ್ರಶ್ನೆ: ಮುಂಬಯಿಯ ಅನುದಾನಿತ ಕಾಲೇಜೊಂದರಲ್ಲಿ ಕಾಯಂ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದೇನೆ. ಪಾಠ ಮಾಡೋದು ಇಷ್ಟ. ಆದರೆ ವಿಭಾಗದ ಮುಖ್ಯಸ್ಥರು ತಮ್ಮವರಿಗೆ ಒಳ್ಳೆ ಟೈಮ್‌ಟೇಬಲ್ ಕೊಟ್ಟು, ಪರೀಕ್ಷೆ ಕೆಲಸವನ್ನೆಲ್ಲ ನನ್ನ ತಲೆಗೆ ಕಟ್ಟುತ್ತಾರೆ. ಬಿಟ್ಟುಬಿಡಲಾ?

ಸದ್ಯಕ್ಕೆ ಬೇಡ.

ಡೊಂಬಿವಲಿಯಿಂದ ನಸುಕಿನ ಲೋಕಲ್ ಹಿಡಿದು ಏಳರ ಲೆಕ್ಚರ್‌ಗೆ ಓಡಿ ಬಂದವರಿಗೆ ಮುಂದಿನ ಲೆಕ್ಚರ್ ಹನ್ನೊಂದಕ್ಕೆ ಅಂತ ಹಾಕಿದರೆ ಮೈ ಉರಿಯುತ್ತೆ, ಅಲ್ವಾ? ಮುಖ್ಯಸ್ಥರಿಗೆ ನಿಮ್ಮ ಸಂಬಳ ಮುಟ್ಟಲು ಆಗಲ್ಲ. ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನ 57,700 ರೂಪಾಯಿಯಿಂದ ಶುರುವಾಗಿ ತನ್ನ ಪಾಡಿಗೆ ಏರುತ್ತದೆ. ವಾರಕ್ಕೆ 16 ಗಂಟೆ ಪಾಠ ಅಂತ ಯುಜಿಸಿಯೇ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೇಳಿಬಿಟ್ಟಿದೆ. ಆ 16 ಗಂಟೆ ಯಾವ ಹೊತ್ತಿಗೆ ಬೀಳಬೇಕು, ಯಾರಿಗೆ ಶನಿವಾರ ಬಿಡುವು, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ಸಂಸ್ಥೆಯ ಫೈಲು ಯಾರ ಕೊರಳಿಗೆ ಅನ್ನೋದಷ್ಟೇ ಅವರ ಕೈಯಲ್ಲಿ ಇರೋದು. ಹಾಗಾಗಿ ರಾಜಕೀಯವೆಲ್ಲ ಅಲ್ಲೇ. ಮೇಲಿಂದ ಒಂದೇ ಕಾಲೇಜಿನ ಸಂಸ್ಥೆಯಾದರೆ ವರ್ಗಾವಣೆಯೂ ಇಲ್ಲ, ಅದೇ ನಾಲ್ಕು ಮುಖ ನೋಡಿಕೊಂಡು ಇಪ್ಪತ್ತು ಮೂವತ್ತು ವರ್ಷ ಕಳೆಯಬೇಕು.

‘ತಮ್ಮವರಿಗೆ’ ಅಂದಿರಲ್ಲ, ಇಬ್ಬರು ಮರಾಠಿಯಲ್ಲಿ ಮಾತಾಡಿಕೊಂಡು ನಕ್ಕರೆ ನಮ್ಮ ಬಗ್ಗೆಯೇ ಅಂದುಕೊಳ್ಳುವ ಚಟ ನಮ್ಮ ಕನ್ನಡದವರಲ್ಲಿ ಇದೆ. ಕೆಲವು ಸಲ ನಿಜವೂ ಇರಬಹುದು. ಆದರೆ ಆ ಏಳರ ಲೆಕ್ಚರ್ ಎಷ್ಟೋ ಮರಾಠಿಯವರಿಗೂ ಬಿದ್ದಿರುತ್ತೆ, ಸುಮ್ನೆ ವಿಚಾರಿಸಿ ನೋಡಿ.

ಪಾಠದ ಖುಷಿ, ಸ್ಟಾಫ್‌ರೂಮಿನ ಕಿರಿಕಿರಿ ಎರಡೂ ಒಟ್ಟಿಗೆ ಇರಬಹುದು. ಫ್ರೆಡರಿಕ್ ಹರ್ಜ್‌ಬರ್ಗ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1959ರಲ್ಲೇ ಹೇಳಿದ್ದು ಇದನ್ನೇ. ತೃಪ್ತಿ ಕೊಡೋದು ಕೆಲಸದೊಳಗಿನ ಸಂಗತಿ. ಅತೃಪ್ತಿ ತರೋದು ಮೇಲಿನವರು, ನಿಯಮ, ಸಂಬಳ, ವಾತಾವರಣ. ಒಂದನ್ನು ಸರಿಮಾಡಿದರೆ ಇನ್ನೊಂದು ತಾನಾಗಿ ಸರಿಹೋಗಲ್ಲ.

ಈಗ ಪರೀಕ್ಷೆ ಕೆಲಸದ ವಿಷಯ. ಇಲ್ಲೇ ಜಾಸ್ತಿ ಜನ ಎಡವೋದು. 2018ರ ಯುಜಿಸಿ ನಿಯಮದಲ್ಲಿ ಬಡ್ತಿಗೆ ನೋಡುವ ವಾರ್ಷಿಕ ಮೌಲ್ಯಮಾಪನದಲ್ಲಿ, ಕೊಟ್ಟ ಲೆಕ್ಚರ್‌ಗಳಲ್ಲಿ ಶೇ. 80ಕ್ಕಿಂತ ಕಡಿಮೆ ಆಗದಂತೆ ತೆಗೆದುಕೊಂಡಿದ್ದರೆ ‘ಉತ್ತಮ’. ಪಾಠದ ಹೊರಗಿನ ಕೆಲಸಗಳಲ್ಲಿ ಕನಿಷ್ಠ ಮೂರರಲ್ಲಿ ಇದ್ದರೂ ‘ಉತ್ತಮ’, ಪರೀಕ್ಷೆ ಕೆಲಸವೂ ಆ ಪಟ್ಟಿಯಲ್ಲಿದೆ. ಅಂದರೆ ನಿಮ್ಮ ತಲೆಗೆ ಕಟ್ಟಿದ್ದು ನಿಮ್ಮ ಬಡ್ತಿಯ ಬಂಡವಾಳ, ಆದರೆ ನಿಮ್ಮ ಹೆಸರಿನ ಲೆಟರ್ ಇದ್ದರೆ ಮಾತ್ರ. ಕಾರಿಡಾರಿನಲ್ಲಿ ನಿಲ್ಲಿಸಿ “ಇದೊಂದು ನೋಡ್ಕೊಳ್ಳಿ” ಅಂದರೆ ಹೂಂ ಅಂದು, ಸಂಜೆಯೊಳಗೆ “ನೀವು ಹೇಳಿದಂತೆ ಈ ಜವಾಬ್ದಾರಿ ವಹಿಸಿಕೊಂಡಿದ್ದೇನೆ, ಆದೇಶ ಪತ್ರ ಕೊಡಿಸಿ” ಅಂತ ಎರಡು ಸಾಲು ಮೇಲ್ ಹಾಕಿ, ಪ್ರಿನ್ಸಿಪಾಲರಿಗೂ ಒಂದು ಪ್ರತಿ ಕಳಿಸಿ. ಮುಖ ಕೆಡಿಸಿಕೊಳ್ಳುತ್ತಾರೆ, ಕೆಡಿಸಿಕೊಳ್ಳಲಿ. ಪಿಎಚ್‌ಡಿ ಇದ್ದವರಿಗೆ ಮೊದಲ ಬಡ್ತಿ ನಾಲ್ಕು ವರ್ಷಕ್ಕೆ, ಎಂಫಿಲ್ ಇದ್ದವರಿಗೆ ಐದಕ್ಕೆ, ಎರಡೂ ಇಲ್ಲದವರಿಗೆ ಸಾಮಾನ್ಯವಾಗಿ ಆರಕ್ಕೆ. ಆವತ್ತು ಫೈಲ್ ತೆರೆದಾಗ ಕೆಲಸಕ್ಕೆ ಬರೋದು ಈ ಕಾಗದ.

ದೂರು ಕೊಡಲೂ ದಾರಿ ಇದೆ. 2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯ ಕಾಯ್ದೆಯಲ್ಲಿ ಅಹವಾಲು ಸಮಿತಿ ಇದೆ, ಟ್ರಿಬ್ಯುನಲ್ ಕೂಡ ಇದೆ. ಆದರೆ ಟ್ರಿಬ್ಯುನಲ್ ಇರೋದು ಕೆಲಸದಿಂದ ತೆಗೆದುಹಾಕಿದ್ದು, ಹುದ್ದೆ ಇಳಿಸಿದ್ದು ಇಂಥದ್ದಕ್ಕೆ. ಟೈಮ್‌ಟೇಬಲ್ ಜಗಳ ಹೊತ್ತುಕೊಂಡು ಅಲ್ಲಿಗೆ ಹೋಗಬೇಡಿ. ಅದಕ್ಕಿಂತ ಮುಂದಿನ ಸೆಮಿಸ್ಟರ್ ಶುರುವಾಗುವ ಮೊದಲು, ಏಳರ ಲೆಕ್ಚರ್ ಸರದಿ ಪ್ರಕಾರ ಹಂಚಿ ಅಂತ ವಿಭಾಗದ ಮೀಟಿಂಗಿನಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ.